ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಮತ್ತು ಕೆಡುವ ತಂತ್ರಾಂಶ: ಹೊಣೆ ಯಾರದು?

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಪರಿಷ್ಕರಣೆಗೊಂಡಾಗ ಅದರ ಮೇಲೆ ನಡೆಯುತ್ತಿದ್ದ ಬೇರೆಯವರ ತಂತ್ರಾಂಶ ನಿಂತುಹೋದರೆ ನಷ್ಟ ಯಾರದು, ಸರಿಪಡಿಸಬೇಕಾದವರು ಯಾರು ಎಂಬುದು ಗಣಕಲೋಕದ ಹಳೆಯ ತಕರಾರು. ಆಪರೇಟಿಂಗ್ ಸಿಸ್ಟಂ ತಯಾರಿಸಿದ ಕಂಪನಿ, ತಂತ್ರಾಂಶ ಬರೆದವರು, ಕಂಪ್ಯೂಟರ್ ಇಟ್ಟುಕೊಂಡವರು ಎಂದು ಸಾಮಾನ್ಯವಾಗಿ ಮೂವರ ಹೆಸರು ಹೇಳುವುದು ವಾಡಿಕೆ. ಕನ್ನಡದ ಮಟ್ಟಿಗೆ ನಾಲ್ಕನೆಯ ಪಕ್ಷವೊಂದಿದೆ: ಇಂಥ ತಂತ್ರಾಂಶದಲ್ಲೇ, ಇಂಥ ಫಾಂಟಿನಲ್ಲೇ, ಇಂಥ ಬ್ರೌಸರಿನಲ್ಲೇ ಕೊಡಿ ಎಂದು ಕೇಳುವ ಕಚೇರಿ. ಮೊದಲ ಮೂವರು ಒಬ್ಬರ ಕಡೆಗೊಬ್ಬರು ಕೈ ತೋರಿಸುತ್ತಿರುವಾಗ ಈ ನಾಲ್ಕನೆಯವರು ತಣ್ಣಗೆ ಪಾರಾಗುತ್ತಾರೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಡಿಟಿಪಿ ಅಂಗಡಿ, ಸಹಕಾರ ಸಂಘ, ಪಂಚಾಯಿತಿ ಕಚೇರಿಗಳ ಕಂಪ್ಯೂಟರುಗಳ ನೆಲೆಯಿಂದ ನೋಡಿದರೆ ಈ ನಾಲ್ಕನೆಯವರ ಪಾಲು ಸಣ್ಣದಲ್ಲ.

ಕನ್ನಡ ಕಂಪ್ಯೂಟರಿಗೆ ಬಂದ ದಾರಿ

1990ರ ದಶಕದ ವಿಂಡೋಸ್‌ಗೆ ಕನ್ನಡ ಗೊತ್ತಿರಲಿಲ್ಲ. ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸಂಕೇತಗಳನ್ನು ಕೊಟ್ಟಿತ್ತಾದರೂ ಅವನ್ನು ತೆರೆಯ ಮೇಲೆ ಮೂಡಿಸುವ ಏರ್ಪಾಡು ವಿಂಡೋಸ್‌ನಲ್ಲಿ ಬಂದದ್ದು 2001ರ ಎಕ್ಸ್‌ಪಿಯ ಹೊತ್ತಿಗೆ. ನಡುವಿನ ಹತ್ತು ವರ್ಷ ಕನ್ನಡಿಗರು ಕಾಯುತ್ತ ಕೂರಲಿಲ್ಲ. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಮೂಲಾಕ್ಷರ, ಗುಣಿತ, ಒತ್ತುಗಳ ತುಂಡುಗಳನ್ನು ಕೂರಿಸಿದ ಫಾಂಟುಗಳು ಬಂದವು. ಕೆ.ಪಿ. ರಾವ್ ಅವರು ರೂಪಿಸಿ ಯಾವ ಶುಲ್ಕವೂ ಇಲ್ಲದೆ ಬಿಟ್ಟುಕೊಟ್ಟ ಕೀಲಿಮಣೆ ವಿನ್ಯಾಸ ಎಲ್ಲರ ಕೈಗೆ ಹತ್ತಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ‘ನುಡಿ’ ತಂತ್ರಾಂಶವನ್ನು ಸಿದ್ಧಪಡಿಸಿತು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಪತ್ರಿಕೆ ಮತ್ತು ಮುದ್ರಣಾಲಯಗಳನ್ನು ಸೇರಿತು.

ಇವುಗಳ ಕೆಲಸದ ರೀತಿ ತಿಳಿಯದೆ ಹೊಣೆಯ ಮಾತು ಆಡುವಂತಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿದ ಲಗ್ನಪತ್ರಿಕೆಯ ಕಡತದಲ್ಲಿ ಕನ್ನಡವೇ ಇರುವುದಿಲ್ಲ. ಇರುವುದು ತಲೆಯ ಮೇಲೆ ಟೋಪಿ, ಚುಕ್ಕಿ ಹೊತ್ತ ಐರೋಪ್ಯ ಅಕ್ಷರಗಳ ಸಾಲು. ಫಾಂಟ್ ಇದ್ದಾಗ ಅದು ಕನ್ನಡದ ವೇಷ ತೊಡುತ್ತದೆ, ಇಲ್ಲದಾಗ ನಿಜರೂಪ ತೋರಿಸುತ್ತದೆ. ಡಿಟಿಪಿಯವರು ‘ಫಾಂಟ್ ಒಡೆದಿದೆ’ ಎನ್ನುವುದು ಇದನ್ನೇ. ಕೀಲಿಮಣೆಯ ಭಾಗವೂ ಹೀಗೆಯೇ. ಒತ್ತಿದ ಕೀಲಿ ವರ್ಡ್‌ಗೋ ಪೇಜ್‌ಮೇಕರ್‌ಗೋ ತಲುಪುವ ಮುನ್ನ ನಡುದಾರಿಯಲ್ಲಿ ಹಿಡಿದು, ಬೇರೆ ಸಂಕೇತವಾಗಿ ಬದಲಿಸಿ ಮುಂದೆ ಕಳಿಸುವುದು ಈ ಜಾತಿಯ ತಂತ್ರಾಂಶಗಳ ಉಪಾಯ. ಪಾಸ್‌ವರ್ಡ್ ಕದಿಯುವ ದುಷ್ಟ ತಂತ್ರಾಂಶ ಮಾಡುವುದೂ ಇದನ್ನೇ ಆದ್ದರಿಂದ ಭದ್ರತೆ ಬಿಗಿಯಾದಷ್ಟೂ ಇವುಗಳಿಗೆ ಉಸಿರು ಕಟ್ಟುತ್ತದೆ.

2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಲ್ಲಿ ಹಾಗೆಯೇ ಆಯಿತು. ಕಡಿಮೆ ಅಧಿಕಾರದ ತಂತ್ರಾಂಶವು ಹೆಚ್ಚಿನ ಅಧಿಕಾರದಲ್ಲಿ ನಡೆಯುವ ತಂತ್ರಾಂಶಕ್ಕೆ ಕೀಲಿಗಳನ್ನು ಕಳಿಸದಂತೆ ಮೈಕ್ರೋಸಾಫ್ಟ್ ತಡೆ ಹಾಕಿತು. ಪ್ರೋಗ್ರಾಂಗಳ ಫೋಲ್ಡರಿನಲ್ಲಿ ಸಿಕ್ಕಸಿಕ್ಕವರು ಬರೆಯದಂತೆಯೂ ಮಾಡಿತು. ಎರಡೂ ನ್ಯಾಯವಾದ ತಡೆಗಳೇ. ಅದುವರೆಗೆ ಎಕ್ಸ್‌ಪಿಯಲ್ಲಿ ಯಾರೂ ಕೇಳದೆ ನಡೆಯುತ್ತಿದ್ದ ಕನ್ನಡ ತಂತ್ರಾಂಶಗಳು ಮಾತ್ರ ತಡವರಿಸತೊಡಗಿದವು. ಬಲಗಡೆ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಕೊಡಿ ಎಂಬ ಮದ್ದು ಅಂಗಡಿಯಿಂದ ಅಂಗಡಿಗೆ ಬಾಯಿಮಾತಿನಲ್ಲೇ ಹರಡಿತು. ಭದ್ರತೆಗೆಂದು ಹಾಕಿದ ಬೀಗವನ್ನು ಕನ್ನಡ ಬರೆಯುವುದಕ್ಕಾಗಿ ತೆಗೆದಿಡುವುದೇ ಆ ಮದ್ದು.

ಇಲ್ಲಿ ತಪ್ಪು ಯಾರದು? ತಂತ್ರಾಂಶ ಬರೆದವರು ಆಪರೇಟಿಂಗ್ ಸಿಸ್ಟಂ ಎಂದೂ ಮಾತು ಕೊಡದ ಜಾಗದಲ್ಲಿ ಕಾಲೂರಿದ್ದರು ಎಂದು ಮೈಕ್ರೋಸಾಫ್ಟ್ ಪರವಾಗಿ ವಾದಿಸಬಹುದು, ಅದು ಸುಳ್ಳಲ್ಲ. ಆದರೆ ಹಿಂಬಾಗಿಲಿನಿಂದ ಬಂದವರನ್ನು ದೂರುವ ಮುನ್ನ ಮುಂಬಾಗಿಲು ಇತ್ತೇ ಎಂದು ಕೇಳಬೇಕು. ಎಕ್ಸ್‌ಪಿಯಲ್ಲಿ ಆ ಬಾಗಿಲು ಬಂದ ಮೇಲೂ ಅದು ಅರ್ಧ ತೆರೆದಿತ್ತು. ಭಾರತೀಯ ಭಾಷೆಗಳ ಕಡತಗಳನ್ನು ಮೂಲ ಸಿ.ಡಿ. ಹಾಕಿ ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಿತ್ತು. ಜೊತೆಗೆ ಬಂದ ಕೀಲಿಮಣೆ ಇನ್‌ಸ್ಕ್ರಿಪ್ಟ್, ಜನರ ಬೆರಳಿಗೆ ಕೂತಿದ್ದ ಕೆ.ಪಿ. ರಾವ್ ವಿನ್ಯಾಸವಲ್ಲ. ಕಂಗ್ಲಿಷಿನಲ್ಲಿ ಟೈಪಿಸಿ ಕನ್ನಡ ಪಡೆಯುವ ಕೀಲಿಮಣೆ ವಿಂಡೋಸ್‌ನೊಳಗೇ ಬಂದದ್ದು 2019ರಲ್ಲಿ. ಲಿನಕ್ಸ್‌ನಲ್ಲಿ ಕೆ.ಪಿ. ರಾವ್ ಮಾದರಿಯ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಒಳಗಡೆಯೇ ಸಿಗುತ್ತದೆ ಎಂಬುದು ಇಲ್ಲಿ ಹೇಳಬೇಕಾದ ಮಾತು.

ತುಂಗಾ ಫಾಂಟಿನ ಪ್ರಕರಣ

ಎಕ್ಸ್‌ಪಿಯೊಂದಿಗೆ ಬಂದ ಕನ್ನಡ ಯುನಿಕೋಡ್ ಫಾಂಟಿಗೆ ಮೈಕ್ರೋಸಾಫ್ಟ್ ಇಟ್ಟ ಹೆಸರು ತುಂಗಾ. ಮುಂಬಯಿಯ ಅಕ್ಷರ ವಿನ್ಯಾಸಕಾರ ಆರ್.ಕೆ. ಜೋಶಿ ನೇತೃತ್ವದ ತಂಡ ಅದನ್ನು ರೂಪಿಸಿತ್ತು. ತೀರ್ಥಹಳ್ಳಿಯ ಪಕ್ಕದಲ್ಲೇ ಹರಿಯುವ ಹೊಳೆಯ ಹೆಸರು ಹೊತ್ತ ಈ ಫಾಂಟ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ವಿಂಡೋಸ್‌ನ ಕನ್ನಡ ಮುಖವಾಗಿತ್ತು. ವಿಂಡೋಸ್ 8ರಲ್ಲಿ ಭಾರತೀಯ ಲಿಪಿಗಳಿಗೆಲ್ಲ ಒಂದೇ ಎಂಬಂತೆ ನಿರ್ಮಲಾ ಯುಐ ಬಂತು. 2015ರ ವಿಂಡೋಸ್ 10ರಲ್ಲಿ ತುಂಗಾವನ್ನು ಮುಖ್ಯ ಕಂತೆಯಿಂದ ತೆಗೆದು, ಬೇಕಾದವರು ಇಳಿಸಿಕೊಳ್ಳಲಿ ಎಂದು ಪೂರಕ ಫಾಂಟುಗಳ ಕಪಾಟಿಗೆ ಹಾಕಲಾಯಿತು.

ಇದನ್ನು ‘ಕೆಟ್ಟಿತು’ ಎನ್ನಲು ಬರುವುದಿಲ್ಲ. ಅಕ್ಷರಗಳು ಕಾಣುತ್ತವೆ, ಡಬ್ಬಿಗಳು ಬರುವುದಿಲ್ಲ. ಆದರೆ ಎರಡು ಫಾಂಟುಗಳ ಅಗಲ, ಸಾಲಿನ ಎತ್ತರ ಬೇರೆ. ತುಂಗಾದಲ್ಲಿ ಒಂದೇ ಪುಟಕ್ಕೆ ಹೊಂದಿಸಿಟ್ಟ ಅರ್ಜಿ ನಮೂನೆ ಇನ್ನೊಂದು ಕಂಪ್ಯೂಟರಿನಲ್ಲಿ ಮುಂದಿನ ಪುಟಕ್ಕೆ ಚೆಲ್ಲುತ್ತದೆ, ಸಹಿಯ ಜಾಗ ಒಂಟಿಯಾಗಿ ಎರಡನೇ ಹಾಳೆಯಲ್ಲಿ ಕೂರುತ್ತದೆ. ಯಾವ ತಂತ್ರಾಂಶವೂ ನಿಲ್ಲಲಿಲ್ಲ, ಕೆಲಸ ಮಾತ್ರ ನಿಂತಿತು. ಹೊಣೆಯ ಚರ್ಚೆಯಲ್ಲಿ ಇಂಥ ಪ್ರಕರಣಗಳಿಗೆ ಜಾಗವೇ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಬದಲಾವಣೆಯನ್ನು ದಾಖಲಿಸಿತ್ತು, ಇಳಿಸಿಕೊಳ್ಳುವ ದಾರಿಯನ್ನೂ ಇಟ್ಟಿತ್ತು. ಆದರೆ ಆ ದಾರಿಗೆ ಇಂಟರ್ನೆಟ್ ಬೇಕು, ಮೆನುವಿನಲ್ಲಿ ಎಲ್ಲಿದೆಯೆಂದು ಗೊತ್ತಿರಬೇಕು.

ಇನ್ನೂ ಸೂಕ್ಷ್ಮವಾದದ್ದು ರಕಾರದ ಕತೆ. ‘ರ್ಯ’ ಎಂದು ಅರ್ಕಾವತ್ತಿನೊಂದಿಗೆ ಬರುವ ರೂಪ ಬೇರೆ, ‘ರ‍್ಯಾಂಕ್’, ‘ರ‍್ಯಾಲಿ’ಗಳಲ್ಲಿ ಪೂರ್ಣ ರಕಾರದ ಕೆಳಗೆ ಯಕಾರದ ಒತ್ತು ಬರುವ ರೂಪ ಬೇರೆ. ಎರಡನ್ನೂ ಬೇರ್ಪಡಿಸಲು ಕಣ್ಣಿಗೆ ಕಾಣದ ಒಂದು ಜೋಡಣಾ ಸಂಕೇತ ಸೇರಿಸಬೇಕು. ಅದು ಹಲಂತಕ್ಕೆ ಮೊದಲು ಬರಬೇಕೋ ನಂತರವೋ ಎಂಬುದು ಕಾಲದಿಂದ ಕಾಲಕ್ಕೆ ಬದಲಾಯಿತು. ಹಳೆಯ ಕ್ರಮದಲ್ಲಿ ನಂತರ ಇಟ್ಟು ಟೈಪಿಸಿದ ರ‍್ಯಾಲಿಗಳು ಹೊಸ ವ್ಯವಸ್ಥೆಗಳಲ್ಲಿ ಒಡೆದು ಕಾಣುವುದುಂಟು. ಬರೆದವರು ಆಗಿನ ನಿಯಮದಂತೆಯೇ ಬರೆದಿದ್ದರು. ನಿಯಮ ತಿದ್ದಿದವರು ಹೆಚ್ಚು ತರ್ಕಬದ್ಧವಾದ ಕ್ರಮಕ್ಕೆ ಹೋದರು. ಇಲ್ಲಿ ತಪ್ಪಿತಸ್ಥರನ್ನು ಹುಡುಕುವುದೇ ವ್ಯರ್ಥ, ಆದರೆ ಹಳೆಯ ಕಡತಗಳನ್ನು ತಿದ್ದುವ ಕೂಲಿ ಮಾತ್ರ ಯಾರೋ ಒಬ್ಬರ ತಲೆಯ ಮೇಲೆ ಬೀಳುತ್ತದೆ.

ಅಚ್ಚುಮನೆ, ಸಂಘ, ಪಂಚಾಯಿತಿ

ಸಾಗರದ ಬಳಿಯ ಹೆಗ್ಗೋಡಿನ ಅಕ್ಷರ ಪ್ರಕಾಶನ, ನೀನಾಸಂ ರಂಗಸಂಸ್ಥೆಗಳ ನೆರೆಯಲ್ಲಿ, ಯಕ್ಷಗಾನದ ಕರಪತ್ರ, ಮಠ-ದೇವಸ್ಥಾನಗಳ ಆಮಂತ್ರಣ, ಸಂಘಗಳ ವಾರ್ಷಿಕ ವರದಿಗಳ ಬೇಡಿಕೆ ಎಂದೂ ಬತ್ತದ ಈ ಸೀಮೆಯಲ್ಲಿ ಡಿಟಿಪಿ ಅಂಗಡಿಯ ಪಾತ್ರ ದೊಡ್ಡದು. ಅಲ್ಲಿ ಬಹುಕಾಲ ಆಳಿದ್ದು ಅಡೋಬ್ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಯುನಿಕೋಡ್ ಕನ್ನಡವನ್ನು ಅದು ಎಂದೂ ಕಲಿಯಲಿಲ್ಲ. ವಿಸ್ತಾ ಮತ್ತು ಅದರ ನಂತರದ ವಿಂಡೋಸ್‌ಗಳಿಗೆ ಅಡೋಬ್ ಅದನ್ನು ಹೊಂದಿಸಿಕೊಡಲೂ ಇಲ್ಲ, ಇನ್‌ಡಿಸೈನ್‌ಗೆ ಬನ್ನಿ ಎಂದಿತು. ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸತೊಡಗಿದ್ದು 2012ರ ಸಿಎಸ್6 ಹೊತ್ತಿಗೆ. ಹೀಗಾಗಿ ಪೇಜ್‌ಮೇಕರ್, ಹಳೆಯ ನುಡಿ ಅಥವಾ ಶ್ರೀಲಿಪಿ, ಅದನ್ನು ಹೊತ್ತ ಎಕ್ಸ್‌ಪಿ ಮಷೀನು, ಈ ಮೂರೂ ಒಂದನ್ನೊಂದು ಬಿಡದ ಕೂಡುಕುಟುಂಬವಾದವು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದರೂ ಸಣ್ಣ ಊರುಗಳ ಅಚ್ಚುಮನೆಗಳಲ್ಲಿ ಅದು ಮುಗಿಯಲಿಲ್ಲ. ಇತ್ತೀಚೆಗೆ ಇನ್ನೊಂದು ಕೊಂಡಿ ಕಳಚಿತು: ಟೈಪ್ 1 ಎಂಬ ಹಳೆಯ ಬಗೆಯ ಫಾಂಟುಗಳಿಗೆ ಅಡೋಬ್ 2023ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿತು.

ಸಹಕಾರ ಸಂಘಗಳ ಕತೆ ಬೇರೆ ಬಗೆಯದು. ಅಡಕೆ ತೂಕ, ಸಾಲ, ಠೇವಣಿಗಳ ಲೆಕ್ಕಕ್ಕೆ ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ ಬರೆಸಿಕೊಂಡ ಪ್ರೋಗ್ರಾಂಗಳು ರಾಜ್ಯದ ಸಣ್ಣ ಸಂಸ್ಥೆಗಳಲ್ಲೆಲ್ಲ ಚಾಲ್ತಿಯಲ್ಲಿದ್ದವು. 64 ಬಿಟ್ ವಿಂಡೋಸ್ ಇಂಥ 16 ಬಿಟ್ ಪ್ರೋಗ್ರಾಂಗಳನ್ನು ತೆರೆಯುವುದೇ ಇಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲದ್ದರಿಂದ ಆ ದಾರಿ ಪೂರ್ತಿ ಮುಚ್ಚಿತು. ಬರೆದುಕೊಟ್ಟ ಹುಡುಗ ಬೆಂಗಳೂರು ಸೇರಿ ಯಾವ ಕಾಲವಾಯಿತೋ, ಮೂಲ ಕೋಡ್ ಇರುವ ಫ್ಲಾಪಿ ಯಾರ ಬಳಿ ಇದೆಯೋ! ಇಂಥಲ್ಲಿ ‘ತಂತ್ರಾಂಶ ಬರೆದವರ ಹೊಣೆ’ ಎಂಬುದು ವಿಳಾಸವಿಲ್ಲದ ಕಾಗದ.

2017ರ ನವೆಂಬರ್ ತಿಂಗಳ ವಿಂಡೋಸ್ ಅಪ್‌ಡೇಟ್ ಎಪ್ಸನ್ ಕಂಪನಿಯ ಕೆಲವು ಡಾಟ್ ಮ್ಯಾಟ್ರಿಕ್ಸ್ ಮತ್ತು ರಶೀದಿ ಪ್ರಿಂಟರ್‌ಗಳ ಬಾಯಿ ಕಟ್ಟಿದ್ದು ಹೊಣೆ ನಿಚ್ಚಳವಾಗಿದ್ದ ಅಪರೂಪದ ಪ್ರಸಂಗ. ಪ್ರತಿ ಬೇಕಾದ ರಶೀದಿಯನ್ನು ಕಾರ್ಬನ್ ಹಾಳೆಯ ಮೇಲೆ ಬಡಿದು ಮುದ್ರಿಸುವ ಈ ಪ್ರಿಂಟರ್ ಹೊರಗಿನ ಜಗತ್ತಿಗೆ ಮ್ಯೂಸಿಯಂ ವಸ್ತುವಾಗಿರಬಹುದು, ಭಾರತದ ಸೊಸೈಟಿ, ಗೋದಾಮು, ಕೌಂಟರುಗಳಲ್ಲಿ ಅಲ್ಲ. ಪ್ರಿಂಟರಿನವರು ಏನೂ ಬದಲಿಸಿರಲಿಲ್ಲ, ಬಳಸುವವರೂ ಬದಲಿಸಿರಲಿಲ್ಲ. ಮೈಕ್ರೋಸಾಫ್ಟ್ ತಪ್ಪನ್ನು ಒಪ್ಪಿ ಅದೇ ತಿಂಗಳು ತಿದ್ದುಪಡಿ ಬಿಟ್ಟಿತು. ನಿಂತ ದಿನಗಳ ಲೆಕ್ಕ ಕೇಳುವ ಕ್ರಮ ಮಾತ್ರ ಎಲ್ಲೂ ಇರಲಿಲ್ಲ.

ಮಲೆನಾಡಿಗೆ ತನ್ನದೇ ಆದ ಒಂದು ತೊಡಕಿದೆ. ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ, ಹುಲಿಕಲ್ ಹೊಸನಗರದಲ್ಲಿದೆ. ಆಷಾಢದ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಸುದ್ದಿಯಲ್ಲ. ‘ಕಂಪ್ಯೂಟರ್ ಆಫ್ ಮಾಡಬೇಡಿ’ ಎಂಬ ನೀಲಿ ತೆರೆ ಬಂದಿರುವಾಗಲೇ ಬ್ಯಾಟರಿ ಕೈಕೊಟ್ಟರೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ, ಕೆಲವೊಮ್ಮೆ ಕಂಪ್ಯೂಟರೇ ಏಳುವುದಿಲ್ಲ. ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ನಡೆಯುವ ಕಚೇರಿಗೆ ನೂರಾರು ಎಂಬಿಯ ಅಪ್‌ಡೇಟ್ ಇಳಿಯುವುದು ಬೇರೆ ಸಂಕಟ. ವಿಂಡೋಸ್ 10ರ ಹೋಮ್ ಆವೃತ್ತಿಯವರಿಗೆ ಅಪ್‌ಡೇಟ್ ಮುಂದೂಡುವ ಗುಂಡಿ ಸಿಕ್ಕಿದ್ದು 2019ರಲ್ಲಿ, ಅದೂ ಹೆಚ್ಚೆಂದರೆ 35 ದಿನಕ್ಕೆ. ಕರೆಂಟು, ನೆಟ್‌ವರ್ಕ್ ಸದಾ ಇರುತ್ತವೆ ಎಂಬ ನಂಬಿಕೆಯ ಮೇಲೆ ಕಟ್ಟಿದ ವ್ಯವಸ್ಥೆ ಅವಿಲ್ಲದ ಊರಿನಲ್ಲಿ ಮುರಿದರೆ ಬಳಕೆದಾರರನ್ನು ‘ಅಜಾಗರೂಕರು’ ಎನ್ನುವುದು ಹೇಗೆ?

ಹಾಗೆಂದು ಅಪ್‌ಡೇಟ್ ಬಂದ್ ಮಾಡಿಸಿ ಕೂರುವುದೂ ಸುರಕ್ಷಿತವಲ್ಲ. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ಎಂಬ ಒತ್ತೆ ತಂತ್ರಾಂಶವನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಹಾಕಿಕೊಳ್ಳದವರ ಕಡತಗಳು ಒತ್ತೆಯಾದವು. ತೇಪೆ ಬೇಡ ಎನ್ನುವ ಆಯ್ಕೆಗೂ ಬೆಲೆ ಇದೆ, ಅದನ್ನು ಆಯ್ದವರೇ ತೆರಬೇಕು.

ತಯಾರಕರ ಎರಡು ಧೋರಣೆಗಳು

ಹೊರಜಗತ್ತಿನಲ್ಲಿ ಈ ವಿಷಯಕ್ಕೆ ಎರಡು ಪರಂಪರೆಗಳಿವೆ. ಒಂದು, ಹಳೆಯ ತಂತ್ರಾಂಶ ಕೆಡಬಾರದು, ಅದರದೇ ತಪ್ಪಿದ್ದರೂ ಕೆಡಬಾರದು ಎನ್ನುವುದು. ಸಿಮ್‌ಸಿಟಿ ಎಂಬ ಆಟ ಬಿಟ್ಟುಕೊಟ್ಟ ಸ್ಮೃತಿಯನ್ನೇ ಮತ್ತೆ ಬಳಸುತ್ತಿತ್ತು, ಡಾಸ್‌ನಲ್ಲಿ ಅದು ಹೇಗೋ ನಡೆಯುತ್ತಿತ್ತು. ವಿಂಡೋಸ್ 95 ಅದನ್ನು ಗುರುತಿಸಿ, ಆ ಒಂದು ಆಟಕ್ಕಾಗಿಯೇ ಸ್ಮೃತಿಯನ್ನು ತಡವಾಗಿ ತೆರವು ಮಾಡುವ ಉಪಾಯ ಹೂಡಿತ್ತೆಂಬುದು ಪ್ರಸಿದ್ಧ. ಲಿನಕ್ಸ್ ತಿರುಳಿನ ಲೈನಸ್ ಟೋರ್ವಾಲ್ಡ್ಸ್ ಕೂಡ ಬಳಕೆದಾರರ ತಂತ್ರಾಂಶ ಕೆಡಿಸುವ ಬದಲಾವಣೆಯನ್ನು ಒಪ್ಪದಿರುವುದಕ್ಕೆ, ಮಾಡಿದವರನ್ನು ಬಹಿರಂಗವಾಗಿ ಬಯ್ಯುವುದಕ್ಕೆ ಹೆಸರಾದವರು. ಇನ್ನೊಂದು ಆಪಲ್ ದಾರಿ: ಮುಂಚಿತವಾಗಿ ಎಚ್ಚರಿಸಿ, ಆಮೇಲೆ ಕತ್ತರಿಸು. 2019ರ ಅಕ್ಟೋಬರಿನ ಮ್ಯಾಕ್ ಆಪರೇಟಿಂಗ್ ಸಿಸ್ಟಂ ಕ್ಯಾಟಲೀನಾ 32 ಬಿಟ್ ಪ್ರೋಗ್ರಾಂಗಳನ್ನೆಲ್ಲ ಒಂದೇ ಏಟಿಗೆ ಹೊರಹಾಕಿತು.

ಆಪಲ್‌ನ ಕೈಯಲ್ಲೂ ಎಡವಟ್ಟುಗಳಾಗಿವೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಸಂಯುಕ್ತಾಕ್ಷರದ ಒಂದು ವಿಶೇಷ ರೂಪ ಬಂದರೆ ಐಫೋನಿನ ಸಂದೇಶದ ಆ್ಯಪ್‌ಗಳು ಕುಸಿಯುತ್ತಿದ್ದವು. ವಾಟ್ಸ್‌ಆ್ಯಪ್‌ನವರು ಏನೂ ಮಾಡಿರಲಿಲ್ಲ. ದೋಷವಿದ್ದದ್ದು ಅಕ್ಷರ ಮೂಡಿಸುವ ಐಒಎಸ್‌ನ ಭಾಗದಲ್ಲಿ, ಐಒಎಸ್ 11.2.6ರಲ್ಲಿ ಅದು ಸರಿಯಾಯಿತು. 

2024ರ ಜುಲೈ 19ರ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಪ್ರಕರಣ ಇದರ ತಿರುವುಮುರುವು. ಅಲ್ಲಿ ಮೂರನೆಯವರ ಅಪ್‌ಡೇಟ್ ವಿಂಡೋಸನ್ನೇ ಕೆಡವಿತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಮಲಗಿದವು, ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅಮೆರಿಕದ ಡೆಲ್ಟಾ ವಿಮಾನಯಾನ ಸಂಸ್ಥೆ ಸುಮಾರು 50 ಕೋಟಿ ಡಾಲರ್ ನಷ್ಟವೆಂದು ಮೊಕದ್ದಮೆ ಹೂಡಿತು. ದೊಡ್ಡವರಿಗೆ ವಕೀಲರಿರುತ್ತಾರೆ.

ಕಾನೂನು ಏನೆನ್ನುತ್ತದೆ

ಪರವಾನಗಿ ಒಪ್ಪಂದವನ್ನು ಓದಿದರೆ ಹೊಣೆಯ ಪ್ರಶ್ನೆ ಅಲ್ಲೇ ಮುಗಿದಂತೆ ಕಾಣುತ್ತದೆ. ವಿಂಡೋಸ್ 10ರ ಒಪ್ಪಂದದ ಪ್ರಕಾರ ಪರಿಹಾರ ತಂತ್ರಾಂಶಕ್ಕೆ ಕೊಟ್ಟ ಬೆಲೆಗೆ ಸೀಮಿತ, ಹಣ ಕೊಡದೆ ಪಡೆದಿದ್ದರೆ 50 ಡಾಲರ್. ನಿಂತ ಕೆಲಸ, ಕಳೆದ ಗಿರಾಕಿ ಲೆಕ್ಕಕ್ಕಿಲ್ಲ. ಆದರೂ ಕ್ಯಾಲಿಫೋರ್ನಿಯಾದ ಟೆರಿ ಗೋಲ್ಡ್‌ಸ್ಟೀನ್ ಎಂಬ ಪ್ರವಾಸ ಏಜೆಂಟ್, ತಾನು ಕೇಳದೆ ಬಂದ ವಿಂಡೋಸ್ 10ರಿಂದ ಕಂಪ್ಯೂಟರ್ ಹಾಳಾಯಿತೆಂದು ದೂರಿ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ 10,000 ಡಾಲರ್ ಗೆದ್ದದ್ದು 2016ರಲ್ಲಿ ಸುದ್ದಿಯಾಯಿತು. ಇಟಲಿಯ ಸ್ಪರ್ಧಾ ಪ್ರಾಧಿಕಾರ ಫೋನುಗಳನ್ನು ನಿಧಾನಗೊಳಿಸಿದ ಅಪ್‌ಡೇಟ್‌ಗಳಿಗಾಗಿ 2018ರಲ್ಲಿ ಆಪಲ್‌ಗೆ 1 ಕೋಟಿ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. ಐರೋಪ್ಯ ಒಕ್ಕೂಟದ 2024ರ ಉತ್ಪನ್ನ ಹೊಣೆಗಾರಿಕೆ ನಿರ್ದೇಶನ ತಂತ್ರಾಂಶವನ್ನು ನೇರವಾಗಿ ‘ಉತ್ಪನ್ನ’ ಎಂದೇ ಕರೆಯುತ್ತದೆ. ಸದಸ್ಯ ದೇಶಗಳು ಅದನ್ನು ಕಾನೂನಾಗಿಸಲು 2026ರ ಡಿಸೆಂಬರ್ 9ರ ಗಡುವಿದೆ.

ಭಾರತದಲ್ಲಿ ಸಿದ್ಧ ತಂತ್ರಾಂಶ ‘ಸರಕು’ ಎಂದು ಸುಪ್ರೀಂ ಕೋರ್ಟ್ 2004ರ ಟಿಸಿಎಸ್ ಪ್ರಕರಣದಲ್ಲಿ ಹೇಳಿತು, ಅದು ಮಾರಾಟ ತೆರಿಗೆಯ ವ್ಯಾಜ್ಯದಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿದೆ, ‘ಅನ್ಯಾಯದ ಒಪ್ಪಂದ’ವನ್ನು ಪ್ರಶ್ನಿಸಲೂ ಬಿಟ್ಟಿದೆ. ವಾಣಿಜ್ಯ ಉದ್ದೇಶದ ಖರೀದಿ ಅದರ ಹೊರಗೆ, ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವವರು ಗ್ರಾಹಕರೇ. ಅಂದರೆ ಹೊಸನಗರದಲ್ಲಿ ಒಬ್ಬಳೇ ಕೂತು ಡಿಟಿಪಿ ಮಾಡುವ ಹೆಂಗಸಿಗೆ ಕಾಯ್ದೆಯ ಬಾಗಿಲು ತೆರೆದಿದೆ, ಪ್ರೆಸ್ಸಿನ ಕಂಪನಿಗೆ ಇಲ್ಲ. ಒಂದು ದಿನದ ನಷ್ಟಕ್ಕೆ ಅಮೆರಿಕದ ಕಂಪನಿಯ ಮೇಲೆ ಶಿವಮೊಗ್ಗದ ಆಯೋಗದಲ್ಲಿ ದಾವೆ ಹೂಡುವ ತಾಳ್ಮೆ ಯಾರಿಗಿದೆ ಎಂಬುದು ಬೇರೆ ಮಾತು.

ವಿಧಿಸಿದವರ ಹೊಣೆ

ಕಂಪನಿಗೆ ಒಪ್ಪಂದದ ಗುರಾಣಿಯಿದೆ. ಉಚಿತವಾಗಿ, ಅಥವಾ ಅಲ್ಪ ಬೆಲೆಗೆ ಕನ್ನಡ ತಂತ್ರಾಂಶ ಕೊಟ್ಟವರಿಂದ ಜೀವಮಾನದ ದುರಸ್ತಿ ಕೇಳುವುದು ನ್ಯಾಯವಲ್ಲ. ಬಳಕೆದಾರರಿಗೆ ಆಯ್ಕೆಯೇ ಇಲ್ಲ. ಉಳಿಯುವುದು ಸರ್ಕಾರ. 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆ ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದು ಕಂಪ್ಯೂಟರ್ ಪಹಣಿಯನ್ನು ಕಡ್ಡಾಯ ಮಾಡಿತು. ಆಮೇಲೆ ನಾಡಕಚೇರಿಯ ಪ್ರಮಾಣಪತ್ರ, ಇ-ಸ್ವತ್ತಿನ ಡಿಜಿಟಲ್ ಸಹಿ, ನೋಂದಣಿಯ ಕಾವೇರಿ. ಕಾಗದದ ದಾರಿ ಮುಚ್ಚಿದವರು ಕಂಪ್ಯೂಟರಿನ ದಾರಿ ತೆರೆದಿಡುವ ಹೊಣೆಯನ್ನೂ ಹೊರಬೇಕು. ದೇಶದ ಅನೇಕ ಸರ್ಕಾರಿ ಜಾಲತಾಣಗಳನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದರಲ್ಲೇ ನಡೆಯುವಂತೆ ಕಟ್ಟಲಾಗಿತ್ತು. ಕ್ರೋಮ್ 2015ರಲ್ಲಿ ಹಳೆಯ ಪ್ಲಗಿನ್‌ಗಳನ್ನು ಕೈಬಿಟ್ಟಿತು, ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರನ್ನೇ ನಿವೃತ್ತಿಗೊಳಿಸಿತು. ಎರಡಕ್ಕೂ ವರ್ಷಕ್ಕೆ ಮೇಲ್ಪಟ್ಟ ಮುನ್ಸೂಚನೆ ಇತ್ತು. ಸೂಚನೆ ಓದಬೇಕಾದವರು ಪಂಚಾಯಿತಿಯ ಗುಮಾಸ್ತರಲ್ಲ.

ಲಿಪಿಯ ವಿಷಯದಲ್ಲಿ ರಾಜ್ಯ ತಡವಾಗಿಯಾದರೂ ಎಚ್ಚೆತ್ತಿತು. ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಂ. ಚಿದಾನಂದಗೌಡರ ಅಧ್ಯಕ್ಷತೆಯ ಕನ್ನಡ ತಂತ್ರಾಂಶ ಅಭಿವೃದ್ಧಿ ಸಮಿತಿ ಯುನಿಕೋಡ್ ದಾರಿ ತೋರಿಸಿತು, ಸರ್ಕಾರ ಅದನ್ನು ಒಪ್ಪಿತು. ನುಡಿಯೂ ಯುನಿಕೋಡ್‌ಗೆ ಬಂತು. ಆದರೂ ‘ನುಡಿಯಲ್ಲೇ ಟೈಪ್ ಮಾಡಿ ತನ್ನಿ’ ಎಂಬ ಮಾತು ಕಚೇರಿಗಳಿಂದ ಹೋಗಲಿಲ್ಲ, ಹಾಗೆ ಕೇಳುವವರ ಮನಸ್ಸಿನಲ್ಲಿರುವುದು ಹಳೆಯ ನುಡಿಯೇ. ಪ್ರತಿ ಹೊಸ ವಿಂಡೋಸ್ ಬರುವುದಕ್ಕೆ ತಿಂಗಳುಗಳ ಮುಂಚೆಯೇ ಅದರ ಪರೀಕ್ಷಾ ಆವೃತ್ತಿ 2014ರಿಂದ ಉಚಿತವಾಗಿ ಸಿಗುತ್ತಿದೆ. ತಾನು ಕಡ್ಡಾಯಗೊಳಿಸಿದ ತಂತ್ರಾಂಶಗಳನ್ನು ಅದರಲ್ಲಿ ನಡೆಸಿ ನೋಡಿ, ಏನು ನಡೆಯುತ್ತದೆ ಏನು ನಡೆಯುವುದಿಲ್ಲ ಎಂದು ಕನ್ನಡದಲ್ಲಿ ಒಂದು ಪಟ್ಟಿ ಪ್ರಕಟಿಸುವುದು ಸರ್ಕಾರಕ್ಕೆ ದುಬಾರಿ ಕೆಲಸವಲ್ಲ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ ಭದ್ರತಾ ತೇಪೆಗಳು ಇನ್ನೊಂದು ವರ್ಷ ಸಿಗುತ್ತವೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಡುವುದರಿಂದ ಹಳೆಯ ಯಂತ್ರಗಳು ಅದಕ್ಕೆ ಹೋಗಲಾರವು. ಹೋದ ಯಂತ್ರಗಳಲ್ಲಿ ಹಳೆಯ ಕಡತಗಳನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳಲು ಪರಿವರ್ತಕಗಳಿವೆ, ಒತ್ತಕ್ಷರ ಮತ್ತು ಅಂಕಿಗಳಲ್ಲಿ ಅವು ತಪ್ಪುವುದುಂಟಾದ್ದರಿಂದ ಸಾಲುಸಾಲಾಗಿ ಓದಿ ತಿದ್ದಬೇಕು. ಆ ಓದಿನ ಕೂಲಿಯನ್ನು ಸದ್ಯಕ್ಕೆ ಅಂಗಡಿಯವರು ಗಿರಾಕಿಯ ಬಿಲ್ಲಿಗೆ ಸೇರಿಸುತ್ತಿದ್ದಾರೆ.